ಕೊಡೆ ಅಂಗಡಿಯ ಕಾಲೇಜು ಗಿರಾಕಿಗಳು

ಕೊಡೆ ಮಾರುವವನಿಗೆ ಮಳೆಯ ವಿಷಯ ಗೊತ್ತಿದ್ದರೆ ಸಾಕು, ಬೇರೇನೂ ಗೊತ್ತಿರಬೇಕಾಗಿಲ್ಲ. ಆದರೆ ನನ್ನ ಅಂಗಡಿ ಇದ್ದದ್ದು ಕೊಡಿಯಾಲ್‌ಬೈಲಿನಲ್ಲಿ, ಕಾಲೇಜಿಗೆ ಹತ್ತುವ ರಸ್ತೆಯ ಬುಡದಲ್ಲಿ. ಎಸ್ಸೆಸ್ಸೆಲ್ಸಿ ರಿಸಲ್ಟು ಬರುವುದೂ ಮಳೆ ಹಿಡಿಯುವುದೂ ಒಟ್ಟಿಗೇ. ಅರ್ಜಿ ಹಿಡಿದುಕೊಂಡು ಹೊರಟವರು ಮಳೆ ಬಂತೆಂದು ನನ್ನ ಅಂಗಡಿಯ ಮಾಡಿನ ಕೆಳಗೆ ನಿಲ್ಲುತ್ತಿದ್ದರು. ನಿಂತವರು ಒಳಗೆ ಇಣುಕಿ, "ಪೊರ್ಬುಗಳೇ, ಇಲ್ಲಿ ಎಂತ ಬರೆಯುವುದು?" ಎಂದು ಕೇಳುತ್ತಿದ್ದರು. ಕೊಂಕಣಿ ಕ್ರಿಶ್ಚಿಯನರನ್ನು ನಮ್ಮ ಊರಲ್ಲಿ ಮರ್ಯಾದೆಗೆ ಹಾಗೆ ಕರೆಯುವುದು. ನನಗೆ ಇಂಗ್ಲಿಷ್ ಬರುತ್ತಿತ್ತು. ಇಂಟರ್‌ಮೀಡಿಯೆಟ್ ಫೇಲಾದವನಿಗೆ ಎಷ್ಟು ಬರಬಹುದೋ ಅಷ್ಟು. ಬರೆದುಕೊಡುತ್ತಿದ್ದೆ. ಪುಣ್ಯಕ್ಕಲ್ಲ. ಅರ್ಜಿ ತುಂಬುವಷ್ಟು ಹೊತ್ತು ಹೊಸ ಕೊಡೆಗಳನ್ನು ನೋಡುತ್ತ ಕೂತವರು ಬರಿಗೈಯಲ್ಲಿ ಮಳೆಗೆ ಇಳಿಯುವುದಿಲ್ಲ.

ಹೀಗಾಗಿ ಪ್ರತಿ ಜೂನಿನಲ್ಲೂ ಏನಾದರೊಂದು ಆಗುತ್ತಲೇ ಇತ್ತು. ಇಲ್ಲಿ ಹೇಳುವುದೆಲ್ಲ ಅರವತ್ತರ ದಶಕದ ಒಂದೇ ಮಳೆಗಾಲದ್ದು. ಇದಕ್ಕೆಲ್ಲ ಸಾಕ್ಷಿ ಎಂದರೆ ಬಂದರಿನಲ್ಲಿ ಒಣಮೀನಿನ ಸಗಟು ವ್ಯಾಪಾರ ಮಾಡುತ್ತಿದ್ದ ಬ್ಯಾರಿಗಳು. ಬ್ಯಾರಿ ಎಂದರೆ ನಮ್ಮ ಕಡೆಯ ಮುಸ್ಲಿಮರು; ಒಬ್ಬರೇ ಆದರೂ ಮರ್ಯಾದೆಗೆ ಬ್ಯಾರಿಗಳು. ಗೋದಾಮು ಮುಚ್ಚಿ ಮನೆಗೆ ಹೋಗುವ ದಾರಿಯಲ್ಲಿ ನನ್ನ ಬೆಂಚಿನ ಮೇಲೆ ಕೂತು, ಚಾ ಕುಡಿದು, ನನ್ನ ಗಿರಾಕಿಗಳನ್ನು ನೋಡಿ ನಗುವುದು ಅವರ ಕ್ರಮ. ಆ ವರ್ಷ ಅವರ ಮಗಳು ಎಸ್ಸೆಸ್ಸೆಲ್ಸಿ ಪಾಸಾಗಿದ್ದಳು, ಒಳ್ಳೆ ಮಾರ್ಕು ಬೇರೆ. ಕಾಲೇಜಿಗೆ ಹೋಗಬೇಕು ಎಂದು ಅವಳ ಹಟ. ಓದಿದ್ದು ಸಾಕು ಎಂದು ಇವರ ಹಟ. ಅದಕ್ಕೇ ಇರಬೇಕು, ಆ ವರ್ಷ ಅವರು ಸ್ವಲ್ಪ ಜೋರಾಗಿಯೇ ನಗುತ್ತಿದ್ದರು.

೧. ಗುಣನಡತೆ

ಅರ್ಜಿಯ ಜೊತೆಗೆ ಊರಿನ ಮರ್ಯಾದಸ್ಥರೊಬ್ಬರು ಬರೆದ ಗುಣನಡತೆಯ ಸರ್ಟಿಫಿಕೇಟು ಇಡಬೇಕಿತ್ತು. ಉರ್ವದಿಂದ ಒಬ್ಬ ತಂದೆ ಮಗನನ್ನು ಕರೆದುಕೊಂಡು ಬಂದರು. ಮಗ ಬಂದವನೇ ಒಂದು ಕೊಡೆ ಬಿಡಿಸಿ, ಅದರ ಕಡ್ಡಿ ಎಷ್ಟು ಬಗ್ಗುತ್ತದೆ ಎಂದು ಪರೀಕ್ಷೆಗೆ ತೊಡಗಿದ.

"ಇವನಿಗೊಂದು ಒಳ್ಳೆ ಸರ್ಟಿಫಿಕೇಟು ಬರೆದುಕೊಡಿ ಪೊರ್ಬುಗಳೇ."

"ಹುಡುಗನ ಪರಿಚಯ ನನಗಿಲ್ಲವಲ್ಲ. ಶಾಲೆಯ ಹೆಡ್‌ಮಾಸ್ಟರಲ್ಲಿ ಕೇಳಬಹುದಿತ್ತು."

"ಕೇಳಿದೆ. ಆಗುವುದಿಲ್ಲ ಅಂದರು."

"ಪಕ್ಕದ ಮನೆಯಲ್ಲಿ ಯಾರೂ ಇಲ್ಲವಾ?"

"ವಕೀಲರಿದ್ದಾರೆ. ಅವರ ಕಿಟಕಿಗೆ ಇನ್ನೂ ಹೊಸ ಗಾಜು ಬಂದಿಲ್ಲ."

"ಹುಡುಗನ ಸೋದರಮಾವ?"

"ಅವನ ಸೈಕಲ್ಲು ಬಾವಿಯಲ್ಲಿ ಉಂಟು." ತಂದೆ ಬೆಂಚಿನ ಮೇಲೆ ಕುಸಿದು ಕೂತರು. "ಗೊತ್ತಿದ್ದವರು ಯಾರೂ ಬರೆದುಕೊಡ್ತಾ ಇಲ್ಲ ಮಾರಾಯ್ರೇ. ಅದಕ್ಕೇ ಗೊತ್ತಿಲ್ಲದವರನ್ನು ಹುಡುಕಿಕೊಂಡು ಬಂದದ್ದು."

ಸುಳ್ಳು ಬರೆಯಲು ಮನಸ್ಸಾಗಲಿಲ್ಲ. 'ಈ ಹುಡುಗನ ಬಗ್ಗೆ ಇಂದು ಬೆಳಗ್ಗಿನವರೆಗೆ ನನಗೆ ಯಾವ ದೂರೂ ಇರಲಿಲ್ಲ' ಎಂದು ಬರೆದು ಸಹಿ ಹಾಕಿದೆ. ಕಡ್ಡಿ ಬಗ್ಗಿದ ಕೊಡೆಯನ್ನು ಅವರಿಗೇ ಮಾರಿದೆ.

೨. ದೇಶಸೇವೆ

ಗಂಡುಮಕ್ಕಳ ಕಾಲೇಜಿನಲ್ಲಿ ಸೀಟು ಕೊಡುವ ಮುಂಚೆ ಫಾದರ್ ಪ್ರಿನ್ಸಿಪಾಲರು ಒಬ್ಬೊಬ್ಬರನ್ನೇ ಕರೆದು ಮಾತಾಡಿಸುತ್ತಿದ್ದರು. ಆ ಹೆದರಿಕೆಗೆ ಹುಡುಗರು ಮೊದಲೇ ನನ್ನಲ್ಲಿ ಬಂದು ಅಭ್ಯಾಸ ಮಾಡುವುದು. ನಾನು ಗಲ್ಲಾಪೆಟ್ಟಿಗೆಯ ಹಿಂದೆ ಪ್ರಿನ್ಸಿಪಾಲರ ಹಾಗೆ ಕೂರುವುದು, ಹುಡುಗ ಎದುರು ನಿಲ್ಲುವುದು.

ಕೊಟ್ಟಾರದ ಹುಡುಗನೊಬ್ಬನನ್ನು, "ಕಾಲೇಜು ಯಾಕೆ ಬೇಕು?" ಎಂದು ಕೇಳಿದೆ.

"ಮನೆಯಲ್ಲಿದ್ದರೆ ಎಮ್ಮೆ ಮೀಯಿಸಬೇಕಾಗ್ತದೆ," ಅಂದ.

ಬೆಂಚಿನಲ್ಲಿದ್ದ ಬ್ಯಾರಿಗಳ ಚಾ ಮೂಗಿಗೆ ಹತ್ತಿತು.

"ಎಮ್ಮೆಯ ಸುದ್ದಿ ತೆಗೆಯಬೇಡ," ಎಂದೆ. "ದೇಶಸೇವೆಗೆ ಅಂತ ಹೇಳು." ಈ ಉತ್ತರ ನನಗೇ ಬಹಳ ಹಿಡಿಸಿತು. ಆಮೇಲೆ ಬಂದವರಿಗೆಲ್ಲ ಅದನ್ನೇ ಕೊಟ್ಟೆ.

ಮರುದಿನ ಸಾಲಾಗಿ ಹೋದ ಹುಡುಗರೆಲ್ಲ ದೇಶಸೇವೆಗೆ ಹೊರಟವರೇ. ಫಾದರ್ ಮೊದಮೊದಲು ತಲೆದೂಗಿದರಂತೆ, ಆಮೇಲೆ ಗಡ್ಡ ತುರಿಸಿಕೊಂಡರಂತೆ. ಕೊನೆಗೆ ಒಳಗೆ ಬಂದ ಒಬ್ಬ ಬಡಪಾಯಿ ಬಾಯಿ ತೆರೆಯುವ ಮುಂಚೆಯೇ ಕೇಳಿದರಂತೆ: "ನೀನೂ ಆ ಕೊಡೆ ಅಂಗಡಿಯಿಂದ ಬಂದವನಾ?"

"ಅಲ್ಲ ಫಾದರ್," ಅಂದನಂತೆ ಅವನು, "ನಮ್ಮ ಮನೆಯಲ್ಲಿ ಹಳೆಯ ಕೊಡೆ ಉಂಟು."

೩. ಉಳಿದ ಸ್ಟಾಕು

ಮಗನ ಅರ್ಜಿ ಹಿಡಿದು ಬಂದ ಹಳ್ಳಿಯ ಹೋಟೆಲಿನವರೊಬ್ಬರು ನೇರ ವ್ಯಾಪಾರದ ಪ್ರಶ್ನೆಯನ್ನೇ ಹಾಕಿದರು: "ಈಗ ಯಾವ ಸಬ್ಜೆಕ್ಟಿಗೆ ಮಾರ್ಕೆಟ್ ಉಂಟು?" ನಾನೂ ವ್ಯಾಪಾರಿಯ ಹಾಗೆ, "ಸಾಯನ್ಸ್ ಓಡ್ತಾ ಉಂಟು," ಅಂದೆ. ಹೋಟೆಲಿನವರ ಕಿವಿಗೆ ಬಿದ್ದ ಮಾತು ಎಷ್ಟು ದೂರ ಹೋಗುತ್ತದೆ ಎಂದು ನನಗೆ ಹೊಳೆಯಲಿಲ್ಲ. ವಾರದೊಳಗೆ ಅವರ ಊರಿನ ಬಸ್ಸಿನಿಂದ ಇಳಿದವರೆಲ್ಲ ಸಾಯನ್ಸ್ ಸಾಯನ್ಸ್ ಎನ್ನುತ್ತ ಗುಡ್ಡೆ ಹತ್ತಿದರು.

ಒಂದು ಮಧ್ಯಾಹ್ನ ಫಾದರ್ ಪ್ರಿನ್ಸಿಪಾಲರೇ ಅಂಗಡಿಗೆ ಬಂದರು. ದೇಶಸೇವೆಯ ವಿಚಾರಣೆಗೇ ಬಂದರು ಎಂದುಕೊಂಡೆ. ಅವರು ಕೊಡೆಗಳನ್ನು ನೋಡುವ ಹಾಗೆ ಮಾಡಿ, ಆಚೀಚೆ ನೋಡಿ, ಸ್ವರ ತಗ್ಗಿಸಿ ಹೇಳಿದರು: "ನನ್ನ ಆರ್ಟ್ಸಿನ ಸ್ಟಾಕು ಹಾಗೆಯೇ ಉಳಿದಿದೆ ಮಾರಾಯ್ರೇ. ಅದನ್ನೂ ಸ್ವಲ್ಪ ಹೇಳಿ."

೪. ಬೈರಾಸು

ಒಂದು ಸಂಜೆ ಬ್ಯಾರಿಗಳು ಬಂದವರು ನಗಲಿಲ್ಲ. ಕಿಸೆಯಿಂದ ಕೊಲಂಬೊದ ತಂತಿ ತೆಗೆದು, "ಇದನ್ನು ಸ್ವಲ್ಪ ಓದಿ ಹೇಳಿ ಪೊರ್ಬುಗಳೇ," ಅಂದರು.

ಒಣಮೀನು ಹೋಗುತ್ತಿದ್ದದ್ದು ಕೊಲಂಬೊಗೆ. ಅಲ್ಲಿಂದ ಇಂಗ್ಲಿಷಿನಲ್ಲಿ ಬರುವ ತಂತಿಗಳನ್ನು ಯಾವಾಗಲೂ ಮಗಳೇ ಓದಿ ಹೇಳುತ್ತಿದ್ದಳು.

"ಮಗಳಿಗೆ ಹುಷಾರಿಲ್ಲವಾ?"

"ಹುಷಾರು ಹೆಚ್ಚಾಗಿದೆ. ಕಾಲೇಜಿಗೆ ಕಳಿಸದಿದ್ದರೆ ತಂತಿ ಓದುವುದಿಲ್ಲವಂತೆ." ಬೆಂಚಿನ ಮೇಲೆ ಕೂತು, "ಒಂದು ವರ್ಷ ಪಿಯುಸಿ. ಅಷ್ಟೇ. ಆಮೇಲೆ ಮದುವೆ. ಅರ್ಜಿ ಬರೆಯಿರಿ," ಅಂದರು.

ಬರೆದೆ. ಹೆಣ್ಣುಮಕ್ಕಳ ಕಾಲೇಜಿನ ಮದರ್ ಪ್ರಿನ್ಸಿಪಾಲರು ಮಾತಾಡಲು ಕರೆದ ದಿನ, ಇಂಗ್ಲಿಷಿಗೆ ಬೇಕಾದೀತು ಎಂದು ಬ್ಯಾರಿಗಳು ನನ್ನನ್ನೂ ಎಳೆದುಕೊಂಡು ಹೋದರು. ಮದರ್ ಕನ್ನಡದಲ್ಲೇ ಮಾತಾಡಿದರು. ಹುಡುಗಿಯ ಮಾರ್ಕು ನೋಡಿ ಮುಖ ಅರಳಿತು. ತಂದೆಯ ಒಂದು ವರ್ಷದ ಕರಾರು ಕೇಳಿ ಮುದುಡಿತು.

"ಒಂದು ವರ್ಷ ಕೂತು ಎದ್ದು ಹೋಗುವವರಿಗೆ ಕೊಡಲು ನನ್ನಲ್ಲಿ ಸೀಟಿಲ್ಲ. ಡಿಗ್ರಿ ಮುಗಿಸುವ ಹುಡುಗಿಯರು ಹೊರಗೆ ಕಾಯ್ತಾ ಇದ್ದಾರೆ. ಪಿಯುಸಿ ಒಂದು, ಬಿಎ ಮೂರು. ನಾಲ್ಕು ವರ್ಷ ಬಿಡ್ತೀರಾದರೆ ಹೇಳಿ."

"ಎರಡು ಮಾಡುವ ಮದರ್."

"ಎರಡು ವರ್ಷದಲ್ಲಿ ಎಂತ ಆಗ್ತದೆ? ಅರ್ಧ ಡಿಗ್ರಿ ಅಂತ ಒಂದು ಇಲ್ಲ."

ಅರ್ಧ ಕೊಡೆಯೂ ಇಲ್ಲ ಎಂದು ಹೇಳಬೇಕೆಂದಿದ್ದೆ. ಬ್ಯಾರಿಗಳ ಮುಖ ನೋಡಿ ನುಂಗಿಕೊಂಡೆ. ಹುಡುಗಿ ನೆಲ ನೋಡುತ್ತಿದ್ದಳು. ಸೀಟು ಬಾಗಿಲ ಹತ್ತಿರ ಹೋಗಿ ನಿಂತಿತ್ತು.

ಆಗ ಬ್ಯಾರಿಗಳು, ಮಾತು ಸಿಕ್ಕಿಹಾಕಿಕೊಂಡಾಗ ಬಂದರಿನಲ್ಲಿ ಮಾಡುವುದನ್ನೇ ಮಾಡಿದರು. ಹೆಗಲ ಮೇಲಿದ್ದ ಬೈರಾಸು ಟವಲನ್ನು ತೆಗೆದು ಮದರ್ ಮೇಜಿನ ಮೇಲೆ ಹರಡಿ, ಅದರ ಅಡಿಗೆ ಕೈ ಹಾಕಿ ಕಾದರು.

ಮದರ್ ನನ್ನನ್ನು ನೋಡಿದರು. "ಇದು ಎಂತ?"

"ಬಂದರಿನ ಕ್ರಮ ಮದರ್," ಅಂದೆ. "ನಾಲ್ಕು ಜನರ ಎದುರು ರೇಟು ಬಾಯಲ್ಲಿ ಹೇಳುವುದಿಲ್ಲ. ಬಟ್ಟೆಯ ಅಡಿಯಲ್ಲಿ ಕೈ ಹಿಡಿದು, ಎಷ್ಟೆಂದು ಬೆರಳಿನಲ್ಲಿ ತಿಳಿಸುವುದು. ಒಪ್ಪಿದರೆ ಇಡೀ ಕೈ ಒತ್ತುವುದು. ಒತ್ತಿದ ಮೇಲೆ ತಿರುಗುವ ಹಾಗಿಲ್ಲ, ಹೊರಗೆ ಹೇಳುವ ಹಾಗೂ ಇಲ್ಲ. ಅವರು ಅಭ್ಯಾಸಬಲದಲ್ಲಿ... ತಪ್ಪು ತಿಳಿಯಬಾರದು."

ಮದರ್ ಆ ಬೈರಾಸನ್ನು ಒಂದು ಗಳಿಗೆ ನೋಡಿದರು. ಒಣಮೀನಿನ ವಾಸನೆ ಅವರಿಗೂ ಮುಟ್ಟಿರಬೇಕು. ಆಮೇಲೆ ಹುಡುಗಿಯತ್ತ ತಿರುಗಿ, "ಓದುವವಳು ನೀನು. ನೀನೇ ಕೈ ಕೊಡು," ಅಂದರು.

ಬ್ಯಾರಿಗಳು ಕೈ ಹಿಂದಕ್ಕೆ ಎಳೆದುಕೊಳ್ಳುವ ಮುಂಚೆ ಹುಡುಗಿಯ ಕೈ ಬೈರಾಸಿನ ಅಡಿಯಲ್ಲಿತ್ತು. ಅವಳಿಗೆ ಇದು ಹೊಸತಲ್ಲ. ಸಣ್ಣವಳಿರುವಾಗ ಗೋದಾಮಿನಲ್ಲಿ ಅಪ್ಪನ ಮಡಿಲಲ್ಲಿ ಕೂತು, ಪೆಪ್ಪರಮಿಂಟಿಗಾಗಿ ಇದೇ ಬೈರಾಸಿನ ಅಡಿಯಲ್ಲಿ ಚೌಕಾಸಿ ಮಾಡಿದ್ದನ್ನು ನಾನೇ ನೋಡಿದ್ದೆ.

ಬೈರಾಸು ಬಲೆಗೆ ಬಿದ್ದ ಏಡಿಯ ಹಾಗೆ ಅಲ್ಲಾಡಿತು. ನಿಂತಿತು. ಮತ್ತೆ ಅಲ್ಲಾಡಿತು. ಹುಡುಗಿಯ ಮುಖದಲ್ಲಿ ಏನೂ ಇಲ್ಲ, ಹಳೆ ವ್ಯಾಪಾರಿಯ ಹಾಗೆ. ಬ್ಯಾರಿಗಳ ಮುಖ ಮಾತ್ರ ಕೆಂಪಾಯಿತು, ಆಮೇಲೆ ಸಣ್ಣದಾಯಿತು. "ಸ್ವಲ್ಪ ಇಳಿ ಮಗಳೇ," ಅಂದರು ಮೆಲ್ಲಗೆ.

"ಬಾಪ, ಬೈರಾಸಿನ ಅಡಿಯಲ್ಲಿ ಕೈ ಇರುವಾಗ ಬಾಯಿ ತೆಗೀಬಾರದು. ನೀವೇ ಹೇಳಿಕೊಟ್ಟದ್ದು."

ಬೈರಾಸು ಇನ್ನೊಮ್ಮೆ ಅಲ್ಲಾಡಿ ಸುಮ್ಮನಾಯಿತು. ಬ್ಯಾರಿಗಳು ಅದನ್ನು ಕೊಡವಿ ಹೆಗಲಿಗೆ ಹಾಕಿಕೊಂಡರು. "ಆಯಿತು ಮದರ್. ಬರೆದುಕೊಳ್ಳಿ."

"ಎಷ್ಟು ವರ್ಷ?"

"ಅದನ್ನು ಹೇಳುವ ಕ್ರಮ ಇಲ್ಲ."

ಮದರ್ ತಂದೆಯ ಮುಖ ನೋಡಿದರು, ಮಗಳ ಮುಖ ನೋಡಿದರು. ಮತ್ತೆ ಏನೂ ಕೇಳದೆ ಸೀಟು ಕೊಟ್ಟರು.

ಇಳಿದು ಬರುವಾಗ ದಾರಿಯುದ್ದಕ್ಕೂ ನಾನು ಕೇಳಿದೆ. ಬ್ಯಾರಿಗಳು ಬಾಯಿ ಬಿಡಲಿಲ್ಲ. ಅಷ್ಟರಲ್ಲಿ ಮಳೆ ಹೊಡೆಯಿತು. ಮೂವರೂ ಅಂಗಡಿಯೊಳಗೆ ಓಡಿದೆವು. ಬ್ಯಾರಿಗಳು ತಲೆ ಒರೆಸಿಕೊಂಡು ಕೊಡೆಗಳ ಸಾಲು ನೋಡಿದರು.

"ಇವಳಿಗೊಂದು ಕೊಡೆ ಕೊಡಿ ಪೊರ್ಬುಗಳೇ. ಗಟ್ಟಿಯದ್ದು ಬೇಕು." ಒಂದು ಕೊಡೆಯ ಕಡ್ಡಿ ಮುಟ್ಟಿ ನೋಡಿದರು. "ನಾಲ್ಕು ಮಳೆಗಾಲ ಬಾಳುವಂಥದ್ದು."

ನಾನು ನಗಲಿಲ್ಲ. ಅಂಗಡಿಯಲ್ಲೇ ಒಳ್ಳೆಯದನ್ನು ಇಳಿಸಿ, ಬಿಡಿಸಿ ತೋರಿಸಿ, ರೇಟು ಹೇಳಿದೆ. ಒಳ್ಳೆಯದರ ರೇಟೇ ಹೇಳಿದೆ. ಬ್ಯಾರಿಗಳು ಹುಬ್ಬು ಗಂಟಿಕ್ಕಿದರು. ಕೈ ತನ್ನಷ್ಟಕ್ಕೆ ಹೆಗಲಿನ ಬೈರಾಸಿಗೆ ಹೋಯಿತು.

"ಪೊರ್ಬುಗಳ ಪರವಾಗಿ ನಾನು ಕೈ ಕೊಡ್ಲಾ ಬಾಪ?" ಅಂದಳು ಹುಡುಗಿ.

ಬ್ಯಾರಿಗಳು ಬೈರಾಸನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿಕೊಂಡರು. "ಬೇಡ ಬೇಡ! ಪೊರ್ಬುಗಳು ಹೇಳಿದ ರೇಟೇ ಆಗಲಿ!"