ದೇವರ ಬಲ, ಅಪ್ಪನ ಎಡ

ಮಂದಿ ಮನ್ಯಾಗ ಮಗ ಪಾಸಾದ್ರ ಸಕ್ಕರಿ ಹಂಚ್ತಾರ. ಆಡಕಿ ಊರಾಗಿನ ನಮ್ಮ ಮನ್ಯಾಗ ನಾ ಇಂಟರ್ ಪಾಸಾದ ದಿನಾನೇ ಜಗಳ ಸುರು ಆತು. ರಜಾಕಾರರ ಗದ್ದಲ ಮುಗಿದು ಹೈದರಾಬಾದಿನಾಗ ಹೊಸ ಸರಕಾರ ಬಂದಿತ್ತು. ನನಗ ಬಿ.ಎಸ್ಸಿ. ಓದೋ ಹುಚ್ಚು. ಲ್ಯಾಬಿನಾಗ ಗಾಜಿನ ನಳಿಕಿ ಹಿಡಿದ್ರ ಊಟದ ಖಬರ್ ಇರ್ತಿರಲಿಲ್ಲ. ಅಪ್ಪಗ ನಾ ಬಿ.ಎ. ಆಗಬೇಕು, ಚಿತ್ತಾಪುರದಾಗ ತಹಶೀಲ್ದಾರ ಆಗಿ ಕುಂದ್ರಬೇಕು, ನಮ್ಮ ಹೊಲದ ಬಾಂದು ಒತ್ತಿದ ಬಾಜೂ ಹೊಲದಾಂವನ ಸೊಕ್ಕು ಮುರೀಬೇಕು. ಇಂಥಾ ತಮಾಷೆ ನಮ್ಮ ಕಡಿ ಮನಿಮನಿಗೂ ನಡೀತಾವ. ನಗೋರು ಮಾತ್ರ ಬ್ಯಾರೆ ಮನಿಯವರು.

ಶಹಾಬಾದದ ಕೆಮಿಸ್ಟ್

ವಾಡಿ ಸ್ಟೇಷನ್ನಿನಾಗ ಕೆಲಸಕ್ಕಿದ್ದ ಸೋದರಮಾವ ನನ್ನ ಪಾರ್ಟಿ. "ಭಾವಾ, ಬಿ.ಎಸ್ಸಿ. ಆದವ್ರ ದರ್ಬಾರ್ ಒಮ್ಮಿ ನೋಡ್ರಿ" ಅಂತ ಅಪ್ಪಗ ಶಹಾಬಾದಿನ ಸಿಮೆಂಟ್ ಕಾರ್ಖಾನಿಗೆ ಕರ್ಕೊಂಡು ಹೋದ. ನಾನೂ ಬೆನ್ನು ಹತ್ತಿದೆ. ಗೇಟಿನ ಹಂತೇಲಿ ಕೆಮಿಸ್ಟ್ ಬಂದ. ತಲಿಯಿಂದ ಬೂಟಿನ ತನಕ ಧೂಳು, ಕಣ್ಣಿನ ರೆಪ್ಪಿ ಮ್ಯಾಲೂ ಧೂಳು.

"ಇವ್ರೇ ನೋಡ್ರಿ ಬಿ.ಎಸ್ಸಿ." ಅಂದ ಮಾವ.

ಅಪ್ಪ ಮ್ಯಾಲಿಂದ ಕೆಳಗ ನೋಡಿದ. "ನಮ್ಮೂರ ಹಿಟ್ಟಿನ ಗಿರಣಿಯಾಂವನೂ ಹಿಂಗೇ ಇರ್ತಾನ. ಅಂವ ಸಾಲಿ ಮೆಟ್ಲ ಸೈತ ಹತ್ತಿಲ್ಲ!"

ಮಾವ ಕೆಮಿಸ್ಟಗ ಕೈ ಮುಗಿದು ಸೀದಾ ವಾಡಿ ಗಾಡಿ ಹತ್ತಿದ.

ಚಿಂಚೋಳಿ ಎಮ್ಮಿ

ಇದರ ನಡುವ ಚಿಂಚೋಳಿಗೆ ಹೆಣ್ಣು ನೋಡಾಕ ಹೋದ್ವಿ. ಹೆಣ್ಣಿನ ಅಪ್ಪ ಕೇಳಿದ್ರು, "ಏನು ಓದಾವ್ರ ಅದೀರಿ?"

"ಸೈನ್ಸ್‌ರಿ."

"ಹಂಗಾದ್ರ ಥೋಡೆ ಹಿತ್ತಲಕ್ಕ ಬರ್ರಿ."

ಹುಡುಗಿ ಕೂಡ ಮಾತಾಡಸ್ತಾರ ಅಂತ ನಾ ಕ್ರಾಪು ತೀಡಿಕೊಂಡು ಹೋದೆ. ಅಲ್ಲಿ ಎಮ್ಮಿ ನಿಂತಿತ್ತು.

"ಮೇವು ಮುಟ್ಟವಲ್ದು. ಏನಾಗ್ಯದ ಹೇಳ್ರಿ."

"ನನಗ ತಿಳಿಯಂಗಿಲ್ರಿ. ನಾ ಓದಿದ್ದು ರಸಾಯನ."

ಅವ್ರು ಒಳಗ ಬಂದು ಅಪ್ಪಗ ಅಂದ್ರು, "ಎಮ್ಮಿ ಹೊಟ್ಟಿ ತಿಳಿಲಾರದ ಸೈನ್ಸ್ ಕಟಗೊಂಡು ನಮ್ಮ ಹುಡುಗಿ ಏನು ಮಾಡಬೇಕ್ರಿ?"

ಚಹಾ ಆರೋದ್ರಾಗ ಸಂಬಂಧ ಮುರೀತು. ಅಪ್ಪ ಹಾದಿಗುಂಟ ನಕ್ಕ. "ಬಿ.ಎ. ಅಂದಿದ್ರ ಎಮ್ಮಿ ತೋರಸ್ತಿದ್ದಿಲ್ಲ, ಹುಡುಗೀನೇ ತೋರಸ್ತಿದ್ರು!"

ಹಣಮಂತದೇವರ ಹೂ

ನಾ ಜಿದ್ದು ಬಿಡಲಿಲ್ಲ. ಕಡೀಕ ಅಪ್ಪ ಅಂದ, "ಹಣಮಂತದೇವರಿಗೆ ಹೂ ಕೇಳೋಣು. ಬಲಕ್ಕ ಬಿದ್ರ ಬಿ.ಎಸ್ಸಿ., ಎಡಕ್ಕ ಬಿದ್ರ ಬಿ.ಎ. ಆಮ್ಯಾಲ ಕಮಕ್ ಕಿಮಕ್ ಅನ್ನಬಾರದು."

ಪೂಜಾರಿ ದೇವರ ಮೂರ್ತಿಯ ಎರಡೂ ಭುಜಕ್ಕ ತೊಯ್ಸಿದ ಹೂ ಹಚ್ಚಿದ. ದೇವರ ಬಲಭುಜದ ಹೂ ಟಪ್ ಅಂತ ಬಿತ್ತು. ಖುಷಿಗೆ ನನ್ನ ಕಣ್ಣಾಗ ನೀರು ಬಂತು.

"ಎಡ!" ಅಂದ ಅಪ್ಪ.

"ಗೌಡ್ರೆ, ದೇವರು ನಮ್ಮ ಕಡಿ ಮಾರಿ ಮಾಡಿ ನಿಂತಾನ. ದೇವರ ಬಲಾನೇ ಲೆಕ್ಕರಿ" ಅಂದ ಪೂಜಾರಿ.

"ಕಾಲೇಜಿಗೆ ಹೋಗಾಂವ ದೇವರೋ, ನನ್ನ ಮಗನೋ? ನಮ್ಮ ಎಡಗೈ ಈ ಕಡಿ ಅದ. ಎಡ ಅಂದ್ರ ಎಡ!"

ಪೂಜಾರಿ ಮನಿ ಜ್ವಾಳ ನಮ್ಮ ಹೊಲದ್ದು. ಅಂವ ಸುಮ್ಮನ ಗಂಟಿ ಬಾರಿಸಿದ. ನಾ ಹೈದರಾಬಾದಿಗೆ ಹೋಗಿ ಬಿ.ಎ. ಓದಿದೆ. ದಿನಾ ಸೈನ್ಸ್ ಲ್ಯಾಬಿನ ಕಿಡಕ್ಯಾಗ ಹಣಕಿ ಹಾಕಿ ನೋಡಿ ನನ್ನ ಕ್ಲಾಸಿಗೆ ಹೋಗ್ತಿದ್ದೆ.

ಸೇಡಂ ಸಾಲಿ

ತಹಶೀಲ್ದಾರಿಕಿ ನನಗ್ಯಾರು ಕೊಡ್ತಾರ? ಬಾಜೂದಾಂವ ಬಾಂದು ಇನ್ನಷ್ಟು ಒತ್ತಿದ. ನಾ ಸೇಡಮ್ಮಿನಾಗ ಇತಿಹಾಸದ ಮಾಸ್ತರ ಆದೆ. ಹಾಜರಾದ ದಿನಾನೇ ಹೆಡ್‌ಮಾಸ್ತರ್ ಅಂದ್ರು, "ಬಿ.ಎಸ್ಸಿ. ಆದವ್ರೆಲ್ಲಾ ಸಿಮೆಂಟಿಗೆ ಹೋಗ್ಯಾರ, ಸಾಲಿಗೆ ಯಾರೂ ಬರವಲ್ರು. ಸೈನ್ಸ್ ನೀವೇ ಹೇಳ್ರಿ."

"ಸಾಹೇಬ್ರೆ, ನಾ ಬಿ.ಎ.ರಿ!"

"ಓದಿದವ್ರು ಅದೀರಲ್ಲ, ಅಷ್ಟು ಸಾಕು."

ಲ್ಯಾಬು ಅಂದ್ರ ಕಪಾಟಿನಾಗಿನ ಒಂದು ಒಡದ ನಳಿಕಿ. ಅದನ್ನ ಕೈಯಾಗ ಹಿಡಿದು ನಿಂತಾಗ ನನಗ ಅಳು ಬಂತು.

ಈ ಸುದ್ದಿ ಆಡಕಿ ಮುಟ್ಟಿತು. ರಜಾಕ್ಕ ಊರಿಗೆ ಹೋದ್ರ ಅಪ್ಪ ದೇವರಿಗೆ ಕಾಯಿ ಒಡಿಸಿ, ಗುಡಿ ಮುಂದಿನ ಕಟ್ಟಿ ಮ್ಯಾಲ ಮಂದಿ ಕೂಡಿಸಿ ಹೇಳಾಕತ್ತಿದ್ದ, "ನಮ್ಮ ಹಣಮಂತ ಭಾಳ ಸತ್ಯುಳ್ಳ ದೇವರು. ಅವತ್ತು ಬಲಕ್ಕೇ ಹೂ ಕೊಟ್ಟಿದ್ದ. ನೋಡ್ರಿ, ಮಗ ಸೈನ್ಸ್ ಮಾಸ್ತರ ಆದ!"

ನನಗ ತಡೀಲಿಲ್ಲ. "ಅಪ್ಪಾ, ಅವತ್ತು ನೀನೇ ಎಡ ಅಂದಿದ್ದಿ!"

ಅಪ್ಪ ನನ್ನ ಕೈಯಾಗ ಕಾಯಿ ಚೂರು ಇಟ್ಟ.

"ಹೌದೋ, ನಾ ಎಡಾನೇ ಅಂದೆ. ಅಷ್ಟು ಅಡ್ಡ ಬಂದ್ರೂ ಅಂವ ತನ್ನ ಮಾತು ನಡಿಸಿದ್ನೋ ಇಲ್ಲೋ? ಕೈ ಮುಗಿ!"