ಮಣ್ಣಿನ ಮನೆ ಪಕ್ಕದ ಸೇತುವೆ

ಮೇಘಾ, ಪ್ರಣವ, ನಿಮ್ಮ ಅಜ್ಜಿಗೆ ಮಾತು ಕಡಿಮೆ, ಅನುಮಾನ ಜಾಸ್ತಿ. ಮಾತಾಡುವವರಿಗೆ ಅನುಮಾನ ಬಂದರೆ ಕೇಳಿಬಿಡುತ್ತಾರೆ. ನನ್ನಂಥ ಸಂಕೋಚದವರು ಅದನ್ನು ಒಳಗಿಟ್ಟು ಹೆಪ್ಪು ಹಾಕುತ್ತಾರೆ. ಅಮೆರಿಕದ ಪೇರ್ಲ್ಯಾಂಡಿನಲ್ಲಿ ನಮ್ಮ ಪಕ್ಕದ ಮನೆಯ ಗ್ವೆನ್ ಅಜ್ಜಿ ವೇಲ್ಸ್ ದೇಶದವರು. ನಾನು ಚಿತ್ರಾನ್ನ ಕಳಿಸಿದರೆ ಅವರು ಒಣದ್ರಾಕ್ಷಿ ಹಾಕಿದ ಬಿಲ್ಲೆಯಂಥ ಕೇಕು ಕಳಿಸುತ್ತಿದ್ದರು. ಅವರ ಬಾಗಿಲ ಪಕ್ಕ ಒಂದು ಕಪ್ಪು ಕಲ್ಲು, ಅದರ ಮೇಲೆ ‘ಪಾಂಟಿಪ್ರೀದ್’ ಎಂದು ಕೊರೆದಿತ್ತು. ಹುಟ್ಟಿದೂರಿನ ಹೆಸರಂತೆ. ನಾವು ಊರನ್ನು ಒಂದಕ್ಷರ ಮಾಡಿ ಹೆಸರಿನ ಮುಂದೆ ಇಟ್ಟುಕೊಳ್ಳುತ್ತೇವೆ, ಇವರು ಇಡೀ ಊರನ್ನೇ ಗೋಡೆಗೆ ಹೊಡೆದಿದ್ದಾರಲ್ಲ ಎನಿಸಿತು. ಹಾಗಂದರೇನೆಂದು ಮೇಘಾ, ನಿನ್ನಿಂದ ಕೇಳಿಸಿದೆ. ಅವರು ಐದು ನಿಮಿಷ ಮಾತಾಡಿ, ನನ್ನನ್ನು ನೋಡಿ ನಕ್ಕರು. ನೀನು ಒಂದೇ ಸಾಲು ಹೇಳಿದೆ.

“ಮಣ್ಣಿನ ಮನೆ ಪಕ್ಕದ ಬ್ರಿಡ್ಜ್ ಅಂತೆ ಅಜ್ಜಿ.”

“ಅಷ್ಟೇನಾ ಹೇಳಿದ್ದು?”

“ಪಾಂಟ್ ಅಂದ್ರೆ ಬ್ರಿಡ್ಜ್, ಪ್ರೀದ್ ಅಂದ್ರೆ ಮಣ್ಣು. ನಡುವೆ ಮನೆ ಅನ್ನೋ ವರ್ಡ್ ಇತ್ತಂತೆ, ಆಮೇಲೆ ಬಿದ್ದುಹೋಯ್ತಂತೆ.”

ಅದು ನನಗೇ ಅಂದಂತಿತ್ತು. ನಿಮ್ಮ ಅಪ್ಪನ ಮದುವೆ ಮಾತುಕತೆಯಲ್ಲಿ, ನಾನು ಹುಟ್ಟಿದ್ದು ತೊಟ್ಟಿಮನೆಯಲ್ಲಿ ಎಂದು ಬೀಗರಿಗೆ ಹೇಳಿ ಫೋಟೊ ತೋರಿಸಿದ್ದೆ. ಫೋಟೊ ನಮ್ಮೂರ ಪಟೇಲರ ಮನೆಯದು. ನಾನು ಹುಟ್ಟಿದ್ದು ಹಳ್ಳದ ಸೇತುವೆ ಪಕ್ಕದ ಮಣ್ಣಿನ ಮನೆಯಲ್ಲಿ. ಸೊಸೆಗೆ ಅದು ಹೇಗೋ ಗೊತ್ತಾಗಿ ಗ್ವೆನ್ ಬಾಯಿಂದ ಆಡಿಸಿದ್ದಾಳೆ ಎಂದು ತೀರ್ಮಾನಿಸಿದೆ. ಸೊಸೆಯ ಮುಂದೆ ಇನ್ನು ತಲೆಯೆತ್ತುವುದು ಹೇಗೆ? ಸೇಡಿಗೆ ಗ್ವೆನ್ ಅವರ ಕೇಕಿನ ಡಬ್ಬಿಯನ್ನು ಖಾಲಿ ಹಿಂದಿರುಗಿಸಿದೆ. ನಮ್ಮೂರಲ್ಲಾಗಿದ್ದರೆ ಎರಡು ಮನೆಗಳ ನಡುವೆ ಮಾತೇ ನಿಲ್ಲುತ್ತಿತ್ತು. ಗ್ವೆನ್ ಮಾತ್ರ ಡಬ್ಬಿಯನ್ನು ತಿರುಗಿಸಿ ನೋಡಿ, ಎಷ್ಟು ಚೆನ್ನಾಗಿ ತೊಳೆದಿದ್ದೀರಿ ಎಂದು ಥ್ಯಾಂಕ್ಯೂ ಹೇಳಿದರು.

ಪ್ರಣವ, ನಿನ್ನಿಂದ ಗುಟ್ಟಾಗಿ ವೇಲ್ಸ್ ಊರುಗಳ ಹೆಸರಿನ ಬಗ್ಗೆ ಲೈಬ್ರರಿ ಪುಸ್ತಕ ತರಿಸಿದ್ದು ಆಗಲೇ. ನೀನು ಓದಿ, “ಷಿ ಈಸ್ ರೈಟ್ ಅಜ್ಜಿ, ಸೇಮ್ ಇದೆ” ಅಂದೆ. ಅವರು ಮಣ್ಣಿನ ಮನೆಯನ್ನು ಕಲ್ಲಲ್ಲಿ ಕೊರೆಸಿ ಬೀದಿಗೆ ಕಾಣುವಂತೆ ಹಾಕಿದ್ದರು. ನಾನು ಪಟೇಲರ ಮನೆಯನ್ನು ಸೀರೆಗಳ ಅಡಿಯಲ್ಲಿಟ್ಟು ಕಾಯುತ್ತಿದ್ದೆ. ಮರುದಿನ ಗ್ವೆನ್‌ಗೆ ಕೋಸಂಬರಿ ಕಳಿಸಿದೆ. ಬಳಿಕ ಸೊಸೆಯ ಮುಂದೆ ಎಲ್ಲ ಒಪ್ಪಿಕೊಂಡೆ.

ನಿಮ್ಮ ಅಮ್ಮ ಬೀನ್ಸ್ ಸೋಸುತ್ತಲೇ, “ಗೊತ್ತಿತ್ತು ಅತ್ತೆ. ಫೋಟೊ ಹಿಂದೆ ಪಟೇಲರ ಹೆಸರಿತ್ತಲ್ಲ” ಅಂದಳು.

“ಮತ್ತೆ ಇಷ್ಟು ವರ್ಷ ಯಾಕಮ್ಮ ಹೇಳಲಿಲ್ಲ?”

“ನೀವೇ ಹೇಳ್ತೀರಾಂತ ಸುಮ್ಮನಿದ್ದೆ.”

ಇಷ್ಟು ವರ್ಷ ಸುಮ್ಮನಿದ್ದವಳು ಗ್ವೆನ್ ಹತ್ತಿರವೂ ಸುಮ್ಮನಿದ್ದಳೇ? ಆ ದಿನ ಅವರು ನಕ್ಕದ್ದೇಕೆ? ನೋಡಿ, ಮತ್ತೆ ಹೆಪ್ಪು ಹಾಕುತ್ತಿದ್ದೇನೆ. ಈ ಹಾಳೆಗಳನ್ನು ಜೋಪಾನವಾಗಿಡಿ ಮಕ್ಕಳೇ, ನಮ್ಮ ಮಣ್ಣಿನ ಮನೆ ಉಳಿದಿರುವುದು ಇದರಲ್ಲೇ. ಫೋಟೊ ಮಾತ್ರ, ಪಟೇಲರ ಮೊಮ್ಮಕ್ಕಳು ಎಲ್ಲಾದರೂ ಸಿಕ್ಕಿದರೆ, ಕೊಟ್ಟುಬಿಡಿ.