ಮಗ್ಗದ ಸಪ್ಪಳಕ್ಕೆ ಕಾವಲು

ಇದು ತುರ್ತು ಪರಿಸ್ಥಿತಿಯ ಕಾಲದಲ್ಲಿ, ಬನಹಟ್ಟಿಯ ನಮ್ಮ ಮನೆಯಲ್ಲಿ ನಡೆದದ್ದು. ನಾನು ಜಮಖಂಡಿಯಲ್ಲಿ ಬಿ.ಎಸ್ಸಿ. ಮುಗಿಸಿ ಆಗಷ್ಟೇ ಬಂದಿದ್ದೆ. ಮನೆಯಲ್ಲಿ ಎರಡು ಕೈಮಗ್ಗ: ಒಂದು ಅಪ್ಪನದು, ಒಂದು ಅಣ್ಣನದು. ನನಗೆ ನೇಯಲು ಬರುವುದಿಲ್ಲ, ಓದಲು ಹಾಕಿದ್ದರು. ಅಣ್ಣ ನೇಕಾರರ ಸಭೆಯಲ್ಲಿ ಸರಕಾರವನ್ನು ಬೈದು ತಲೆಮರೆಸಿಕೊಂಡಿದ್ದ. ಅವನು ಬಂದರೆ ಹಿಡಿಯಲೆಂದು ಮನೆಗೆ ಕಾವಲು ಬಿತ್ತು. ಕಾವಲು ಬಿದ್ದ ಮನೆಯಲ್ಲಿ ನಗೆ ಬರಿಸುವ ಸಂಗತಿಗಳು ನಡೆಯುತ್ತಲೇ ಇರುತ್ತವೆ.

ಗುಪ್ತ ಪೊಲೀಸ

ಎದುರಿನ ಕಟ್ಟೆಯ ಮೇಲೆ ಒಬ್ಬ ಪೊಲೀಸ ಧೋತರ ಉಟ್ಟು ಕೂಡುತ್ತಿದ್ದ. ಕಾಲಲ್ಲಿ ಸರಕಾರಿ ಬೂಟು. ತೇರದಾಳದ ನನ್ನ ಗೆಳೆಯ ಮೊದಲ ಸಲ ನಮ್ಮಲ್ಲಿಗೆ ಬಂದಾಗ ಓಣಿಯ ತುದಿಯ ಚಹಾದಂಗಡಿಯಲ್ಲಿ ಮನೆ ಕೇಳಿದ.

“ಹಿಂಗ ಸೀದಾ ಹೋಗ್ರಿ. ಗುಪ್ತ ಪೊಲೀಸ್ರು ಕುಂತಿರತಾರ. ಅವರ ಎದುರಿನ ಮನಿ,” ಎಂದ ಅಂಗಡಿಯವ.

ಕಟ್ಟೆಯ ಹತ್ತಿರ ಬಂದು ಗೆಳೆಯ ಖಾತ್ರಿ ಮಾಡಿಕೊಂಡ: “ಗುಪ್ತ ಪೊಲೀಸ್ರು ನೀವ ಏನ್ರಿ?”

“ಹೌದ್ರಿ. ಯಾರ ಮುಂದೂ ಹೇಳಬ್ಯಾಡ್ರಿ.”

ಝಡತಿ

ಒಂದು ದಿನ ಫೌಜದಾರರು ಮನೆ ಶೋಧಿಸಲು ಬಂದರು. ಅಪ್ಪ ಬಾಗಿಲಲ್ಲೇ ಕೇಳಿದ: “ಕೋರ್ಟಿನ ಹುಕುಂ ಐತೇನ್ರಿ?”

“ಈಗ ಅದೆಲ್ಲಾ ಬೇಕಾಗಿಲ್ಲ ಯಜಮಾನ್ರ. ಬಾಜೂಕ ಸರೀರಿ.”

ಮಗ್ಗದ ಕುಣಿಗೆ ಇಳಿದು ನೋಡಿದರು. ಜೋಳದ ಗಡಿಗೆಗೆ ಕೈ ಹಾಕಿದರು. ಅವ್ವನ ಟ್ರಂಕು ಬಿಚ್ಚಿ, ಅವಳ ಬಟ್ಟೆಗಳನ್ನೆಲ್ಲ ಓಣಿಯ ಜನರೆದುರು ಹೊರಗೆ ಹಾಕಿದರು. ತಳದಲ್ಲಿ ಅಣ್ಣ ನೇಯ್ದ ಸೀರೆ ಇತ್ತು. ಫೌಜದಾರರು ಅದರ ಸೆರಗು ಸವರಿ ನೋಡಿದರು.

“ಭಾಳ ಛಲೋ ಐತಿ. ನಮ್ಮ ಮನಿಯವರಿಗೂ ಇಂಥಾದೊಂದ ಸಿಕ್ಕೀತೇನ್ರಿ?”

ಅವ್ವ ಬಟ್ಟೆ ಮಡಚುತ್ತಲೇ ಹೇಳಿದಳು: “ನೇಯಾಂವನ್ನ ನೀವ ಹುಡಕಾಕತ್ತೀರಿ. ಸಿಕ್ಕರ ಹೇಳ್ರಿ.”

ಕಿವಿ

ತಿಂಗಳುಗಟ್ಟಲೆ ಕೂತು ಪೊಲೀಸನಿಗೆ ಅಪ್ಪನ ಮಗ್ಗದ ಸಪ್ಪಳ ಬಾಯಿಪಾಠವಾಗಿತ್ತು. “ಯಜಮಾನ್ರ, ಇವತ್ತ ಕೈ ಹಗೂರ ಬೀಳಾಕತ್ತೈತಿ. ಊಟಾ ಆಗಿಲ್ಲೇನ್ರಿ?” ಎಂದು ಕಟ್ಟೆಯಿಂದಲೇ ಕೂಗುತ್ತಿದ್ದ. ಆಮೇಲೆ ಅಪ್ಪ ಹಾಸಿಗೆ ಹಿಡಿದ. ಮಗ್ಗ ನಿಂತಿತು.

ಒಂದು ಮಧ್ಯಾಹ್ನ ಅಣ್ಣ ಹಿತ್ತಲಿನಿಂದ ಒಳಗೆ ಬಂದ. ಅಪ್ಪ ಅವನ ಕೈ ಹಿಡಿದುಕೊಂಡ.

“ಸೀರಿ ಅರ್ಧಾ ಉಳದೈತಲೇ. ಸ್ವಲ್ಪ ನೇಯಿ, ಸಪ್ಪಳ ಕೇಳತೇನಿ.”

ಅಣ್ಣ ಅಪ್ಪನ ಮಗ್ಗದಲ್ಲಿ ಕೂತ. ನಮಗ್ಯಾರಿಗೂ ಕಟ್ಟೆಯ ನೆನಪಾಗಲಿಲ್ಲ.

ಅಣ್ಣನಿಗೆ ಕಲಿಸಿದ್ದು ಅಪ್ಪನೇ. ಇಬ್ಬರ ಕೈಯೂ ಒಂದೇ, ಸಪ್ಪಳವೂ ಒಂದೇ. ಪೊಲೀಸ ಚಹಾದ ಕಪ್ಪು ಹಿಡಿದು ನಗುತ್ತ ಒಳಗೆ ಬಂದ.

“ಯಜಮಾನ್ರ, ಆರಾಮ ಆದ್ರಿ? ಸಪ್ಪಳ ಕೇಳಿ ಭಾಳ ಖುಷಿ ಆತ ನೋಡ್ರಿ!”

ಅಪ್ಪ ಹಾಸಿಗೆಯಲ್ಲಿದ್ದ. ಅಣ್ಣ ಮಗ್ಗದಲ್ಲಿದ್ದ. ಪೊಲೀಸನ ನಗು ನಿಲ್ಲಲು ಸ್ವಲ್ಪ ಹೊತ್ತು ಹಿಡಿಯಿತು.

“ಯಾಕ ನೇಯ್ದಿರಿ?” ಎಂದ, ಬೈಯುವವನಂತೆ. ಚಹಾವನ್ನು ಅಪ್ಪನ ತಲೆದೆಸೆಯಲ್ಲಿಟ್ಟು ಅಣ್ಣನನ್ನು ಕರೆದುಕೊಂಡು ಹೋದ.

ಆ ವಾರವೇ ಅಪ್ಪ ತೀರಿಕೊಂಡ. ಮಣ್ಣು ಕೊಡಲಿಕ್ಕೂ ಅಣ್ಣನನ್ನು ಬಿಡಲಿಲ್ಲ. ಹಿಡಿಯಬೇಕಾದವನು ಸಿಕ್ಕಿದ್ದರೂ ಕಾವಲು ತೆಗೆಯುವ ಹುಕುಂ ಮೇಲಿನಿಂದ ಬರಲಿಲ್ಲ. ಪೊಲೀಸ ಕಟ್ಟೆಯ ಮೇಲೆ ಕೂತೇ ಇದ್ದ.

“ಇನ್ನ ಏನ ಕೇಳಾಕ ಕುಂತೀಯಪ್ಪಾ?” ಎಂದಳು ಅವ್ವ.

“ಏನೂ ಕೇಳಸವಲ್ದ್ರಿ, ಅವ್ವಾರ.”

ಮನೆಯಲ್ಲಿದ್ದ ಮಗ್ಗ ಎರಡು. ನಡೆಯುತ್ತಿದ್ದದ್ದು ಸೊನ್ನೆ.